ರೇಲಿ ಬರ್ತದ, ಹ್ಯಾಂಡಲ್ ಪಾಸ್ ಬರವಲ್ದು: ಕಲಬುರಗಿಯಾಗ ಕುಂತು ಏನ್ ಪ್ರ್ಯಾಕ್ಟೀಸ್ ಮಾಡಬಹುದು?

ಬೆಣ್ಣೆತೊರೆ_ಗಾಳಿ
ಎಲ್ಲರಿಗೂ ಶರಣು. ನಾನು ಕಲಬುರಗಿಯಾಂವ. ಕೈಟ್‌ಬೋರ್ಡಿಂಗ್ ಕಲ್ತಿದ್ದು ರಾಮೇಶ್ವರದಾಗ, ಈಗೂ ರಜಾ ಸಿಕ್ಕಾಗೆಲ್ಲ ಅಲ್ಲಿಗೇ ಓಡ್ತೀನಿ. ಹುಕ್ ಬಿಡಿಸಿ ಓಡ್ಸೋದು ರೂಢಿ ಆಗ್ಯದ. ರೇಲಿ, ಅಂದ್ರ ಚಿಮ್ಮಿ ಗಾಳಿಯಾಗ ಮೈ ಹಿಂದಕ್ಕ ಚಾಚೋದು, ಬರ್ತದ. ಹುಕ್ ಬಿಡಿಸಿ ಬ್ಯಾಕ್ ರೋಲ್, ಅಂದ್ರ ಹಿಂದಕ್ಕ ಪಲ್ಟಿ ಹೊಡೆದು ನೆಟ್ಟಗ ಇಳೀತೀನಿ. ಇದರ ಮುಂದಿನದು ಹ್ಯಾಂಡಲ್ ಪಾಸ್, ಅಲ್ಲೇ ಸಿಕ್ಕೊಂಡು ನಿಂತೀನಿ.

ಆಗೋದೇನಂದ್ರ, ಮ್ಯಾಲ ಹಾರ್ತೀನಿ, ಬಾರ್ ಜಗ್ಗಿ ಮೈ ತಿರುಗಿಸ್ತೀನಿ, ಒಂದ್ ಕೈ ಬಿಡ್ತೀನಿ. ಬೆನ್ನ ಹಿಂದ ಆ ಕೈ ಬಾರ್ ಹುಡುಕ್ತದ, ಸಿಗಂಗಿಲ್ಲ. ಅಷ್ಟ್ರಾಗ ಇನ್ನೊಂದು ಕೈಯಿಂದ ಕೈಟ್ ಅದನ್ನ ಕಸ್ಕೊಂಡು ಹೋಗಿರ್ತದ. ‘ಇನ್ನೂ ಜೋರು ಜಗ್ಗು’ ಅಂತ ಎಲ್ಲರೂ ಹೇಳ್ತಾರ. ಜಗ್ಗಿ ಜಗ್ಗಿ ಬಲ ಭುಜ ನೋಯ್ಲಕತ್ತದ, ಪಾಸ್ ಮಾತ್ರ ಬರವಲ್ದು.

ನಾನು ಕೇಳೋದು ಎರಡು. ತಪ್ಪು ಎಲ್ಲದ? ಮತ್ತ ಸಮುದ್ರಕ್ಕ ಇಷ್ಟು ದೂರ ಇರೋ ಊರಾಗ ಕುಂತು ಇದನ್ನ ಹೆಂಗ ಪ್ರ್ಯಾಕ್ಟೀಸ್ ಮಾಡೋದು? ಜೂನ್ ತಿಂಗಳ ಗಾಳಿ ನೋಡಿದ್ರ ಬೆಣ್ಣೆತೊರೆ ಡ್ಯಾಮಿಗೆ ಕೈಟ್ ತಗೊಂಡು ಹೋಗಬೇಕಂತ ಮನಸ್ಸು ಎಳೀತದ. ಯಾರರ ಹೋಗೀರೇನು?

ಸೇಡಂ_ರೋಡ್
ಹ್ಯಾಂಡಲ್ ಪಾಸ್ ಅಂದ್ರೇನಣ್ಣಾ? ನಮಗ ಸಂಕ್ರಾಂತಿ ಪತಂಗ ಅಷ್ಟೇ ಗೊತ್ತು. ತಿಳಿಸಿ ಹೇಳ್ರಿ, ಓದ್ಲಕ್ಕ ಚಲೋ ಅನಸ್ತದ.

ಶಹಾಬಾದ್_ಟು_ದುಬೈ
ಸೇಡಂ_ರೋಡ್ ತಮ್ಮಾ, ಹೇಳ್ತೀನಿ. ಕೈಟ್‌ಬೋರ್ಡಿಂಗಿನಾಗ ದೊಡ್ಡ ಕೈಟು, ಸುಮಾರು 20-24 ಮೀಟರ್ ದಾರ, ಕೈಯಾಗ ಒಂದು ಬಾರ್. ಸಾದಾ ಓಡ್ಸುವಾಗ ಕೈಟಿನ ಎಳೆತ ಸೊಂಟದ ಪಟ್ಟಿ ಮ್ಯಾಲ, ಅಂದ್ರ ಹಾರ್ನೆಸ್ ಮ್ಯಾಲ ಬೀಳ್ತದ. ಬಾರಿನ ಕೆಳಗಿನ ಕುಣಿಕೆ ಹಾರ್ನೆಸ್ಸಿನ ಹುಕ್ಕಿಗೆ ಸಿಕ್ಕಿರ್ತದ. ಆ ಹುಕ್ ಬಿಡಿಸಿದ್ರ ಪೂರಾ ಎಳೆತ ಎರಡು ಕೈಗೆ. ಹಂಗೇ ನೀರಿನಿಂದ ಚಿಮ್ಮಿ, ಗಾಳಿಯಾಗ ಮೈ ತಿರುಗಿಸಿ, ಬಾರನ್ನ ಬೆನ್ನ ಹಿಂದಿನಿಂದ ಒಂದು ಕೈಯಿಂದ ಇನ್ನೊಂದು ಕೈಗೆ ದಾಟಿಸೋದೇ ಹ್ಯಾಂಡಲ್ ಪಾಸ್. ಬೋಟ್ ಹಿಂದ ಹಗ್ಗ ಹಿಡಿದು ಆಡೋ ವೇಕ್‌ಬೋರ್ಡಿಂಗಿನಿಂದ ಬಂದದ್ದು ಇದು. ರೇಲಿ, ಬ್ಲೈಂಡ್, ಮೋಬ್ ಇವೆಲ್ಲಾ ಅಲ್ಲಿಯ ಮಾತೇ.

ಈಗ ಬೆಣ್ಣೆತೊರೆ ಅವರಿಗೆ. ಬಾಕಿ ಬಿಡ್ರಿ, ಒಂದೇ ಹೇಳ್ರಿ. ನೆತ್ತಿ ಮ್ಯಾಲ ಹನ್ನೆರಡು ಗಂಟೆ ಅಂತ ಹಿಡಿದ್ರ, ಚಿಮ್ಮುವಾಗ ಕೈಟ್ ಗಡಿಯಾರದಾಗ ಎಷ್ಟು ಗಂಟೆಗಿರ್ತದ?

ಬೆಣ್ಣೆತೊರೆ_ಗಾಳಿ
ಎಡಕ್ಕ ಹೋಗುವಾಗ ಹನ್ನೊಂದು, ಹನ್ನೊಂದೂವರೆ ನಡುವ. ಎತ್ತರ ಬೇಕಲ್ರಿ, ಎತ್ತರ ಇದ್ರ ಟೈಮ್ ಸಿಗ್ತದ.

ಶಹಾಬಾದ್_ಟು_ದುಬೈ
ಸಿಕ್ತು ನೋಡ್ರಿ. ಅದನ್ನ ಹತ್ತೂವರೆಗೆ ಇಳಸ್ರಿ. ಬಲಕ್ಕ ಹೊಂಟ್ರ ಒಂದೂವರೆ. ನೀವು ಎತ್ತರ ಹುಡುಕ್ಲಕತ್ತೀರಿ, ಪಾಸಿಗೆ ಬೇಕಾಗಿದ್ದು ಎತ್ತರ ಅಲ್ಲ, ದಾರ ಸಡಿಲ ಆಗೋ ಒಂದು ಕ್ಷಣ. ಕೈಟ್ ತಲಿ ಮ್ಯಾಲ ಇದ್ರ ಆ ಕ್ಷಣ ಬರೋದೇ ಇಲ್ಲ. ದುಬೈ ಕೈಟ್ ಬೀಚಿನಾಗ ಹೊಸಬರು ಬರ್ತಾರ, ಕೈಯಾಗ ಬಲ ಇರ್ತದ, ಮನಸ್ಸಿನಾಗ ಹುಮ್ಮಸ್ಸಿರ್ತದ, ಕೈಟ್ ಮಾತ್ರ ನೆತ್ತಿ ಮ್ಯಾಲ ಇಟ್ಕೊಂಡು ದಿನವೆಲ್ಲ ಬಾರ್ ಬಿಡ್ತಿರ್ತಾರ. ಗಟ್ಟಿಮುಟ್ಟು ಹುಡುಗರೇ ಜಾಸ್ತಿ ಸಿಕ್ಕೊಳ್ಳೋದು, ಯಾಕಂದ್ರ ಅವರು ಬಲದಿಂದ ಗೆಲ್ತೀವಿ ಅಂತ ತಿಳ್ಕೊಂಡಿರ್ತಾರ.

ಮುಲ್ಕಿ_ತೆರೆ
ದುಬೈಯವರು ಹೇಳಿದ್ದು ಅರ್ಧ ಸರಿ. ಆದ್ರೆ ಎಡ್ಜ್, ಅಂದ್ರೆ ಬೋರ್ಡಿನ ಅಂಚು ನೀರಿಗೆ ಒತ್ತಿ ಹಿಡಿಯುವುದು, ಸರಿ ಇಲ್ಲದವ ಕೈಟನ್ನು ಹತ್ತೂವರೆಗೆ ಇಳಿಸಿದ್ರೆ ಎಂತ ಆಗ್ತದೆ ಗೊತ್ತುಂಟಾ? ಮುಂದಕ್ಕೆ ಎಳ್ಕೊಂಡು ಹೋಗಿ ಮುಖ ಅಡಿಯಾಗಿ ಬಿಸಾಕ್ತದೆ. ನೀರು ಅಂತ ಸದರ ಮಾಡ್ಬೇಡಿ ಮಾರಾಯ್ರೆ, ಆ ವೇಗದಲ್ಲಿ ಅದು ಸಿಮೆಂಟು ನೆಲವೇ.

ನನ್ನ ಪ್ರಕಾರ ಮೊದಲು ಎಡ್ಜ್. ಮಧ್ಯಮ ವೇಗದಲ್ಲಿ ಬನ್ನಿ, ಬೋರ್ಡನ್ನು ಸ್ವಲ್ಪ ಗಾಳಿ ಹೋಗುವ ಕಡೆ ತಿರುಗಿಸಿ ಹುಕ್ ಬಿಡಿಸಿ, ಆಮೇಲೆ ಹಿಮ್ಮಡಿ ಒತ್ತಿ ಗಾಳಿಯ ಕಡೆ ಕೊರೆಯಿರಿ. ಒಮ್ಮೆಲೇ ಅಲ್ಲ, ಏರಿಸ್ತಾ ಏರಿಸ್ತಾ. ಹಿಂದಿನ ಕಾಲು ನೆಟ್ಟಗೆ ಒದ್ದಾಗ ಬೋರ್ಡು ಪಟ್ಟಂತ ನೀರು ಬಿಡಬೇಕು. ಆ ಪಾಪ್ ಬಂದವನಿಗೆ ಕೈಟ್ ಹನ್ನೊಂದರಲ್ಲಿ ಇದ್ರೂ ಸ್ವಲ್ಪವಾದ್ರೂ ಸಡಿಲ ಸಿಗ್ತದೆ. ಪಾಪ್ ಇಲ್ಲದವನಿಗೆ ಹತ್ತೂವರೆಯಲ್ಲೂ ಸಿಗುವುದಿಲ್ಲ.

ಶಹಾಬಾದ್_ಟು_ದುಬೈ
ಹನ್ನೊಂದರಾಗ ಸಡಿಲ ಸಿಗ್ತದ ಅನ್ನೋದು ನಾ ಒಪ್ಪಂಗಿಲ್ಲ. ಅಲ್ಲಿ ಸಿಗೋದು ತೇಲೋದು. ಎರಡೂ ಬ್ಯಾರೆ ಬ್ಯಾರೆ.

ಮುಲ್ಕಿ_ತೆರೆ
ಕಲಿಯುವವನಿಗೆ ಆ ತೇಲುವುದೇ ಧೈರ್ಯ ಕೊಡೋದಲ್ವಾ? ಮೊದಲು ರೇಲಿಯಿಂದ ಬ್ಲೈಂಡ್, ಅಂದ್ರೆ ಕೈಟಿಗೆ ಬೆನ್ನು ಮಾಡಿ ಇಳಿಯಲಿ, ನಿಧಾನಕ್ಕೆ ಕೈಟ್ ಕೆಳಗೆ ತರಲಿ. ಒಂದೇ ದಿನ ಎಲ್ಲ ಬದಲಾಯಿಸು ಅಂದ್ರೆ ಯಾರಿಗೂ ಆಗುವುದಿಲ್ಲ.

ಯಾದಗಿರಿ_ಮಾಸ್ತರ
ನಾನು ಕೈಟ್‌ಬೋರ್ಡ್ ಮುಟ್ಟಿದವನಲ್ಲ, ಹೈಸ್ಕೂಲಿನಲ್ಲಿ ಭೌತಶಾಸ್ತ್ರ ಹೇಳಿಕೊಡುವವನು. ನಿಮ್ಮ ಜಗಳ ಓದಿ ಕಾಗದದ ಮೇಲೆ ಚಿತ್ರ ಬರೆದು ನೋಡಿದೆ. ನನಗೆ ಕಂಡದ್ದು ಹೇಳುತ್ತೇನೆ, ಅನುಭವ ಇದ್ದವರು ತಿದ್ದಿ.

ಎಡ್ಜ್ ಮಾಡುವಾಗ ನೀವು ಬೋರ್ಡನ್ನು ನೀರಿಗೆ ಒತ್ತಿ ಕೈಟಿಗೆ ಎದುರಾಗಿ ನಿಲ್ಲುತ್ತೀರಿ. ದಾರದಲ್ಲಿ ಬಿಗಿ ಏರುತ್ತದೆ. ಬೋರ್ಡ್ ನೀರು ಬಿಟ್ಟ ಕೂಡಲೇ ಆ ಎದುರುಬಲ ಇಲ್ಲವಾಗಿ ನಿಮ್ಮ ಮೈ ಕೈಟಿನ ಕಡೆಗೆ ಚಿಮ್ಮುತ್ತದೆ. ನೀವು ಕೈಟಿನ ಕಡೆ ಸಾಗುವ ವೇಗ, ಕೈಟ್ ನಿಮ್ಮಿಂದ ಆಚೆ ಸಾಗುವ ವೇಗಕ್ಕಿಂತ ಹೆಚ್ಚಿರುವಷ್ಟು ಹೊತ್ತು ದಾರ ಸಡಿಲ. ಕೈಟ್ ಕೆಳಗಿದ್ದರೆ ಈ ಚಿಮ್ಮುವಿಕೆಯ ಬಹುಪಾಲು ಅಡ್ಡಲಾಗಿ ಕೈಟಿನತ್ತ ಹೋಗುತ್ತದೆ. ಕೈಟ್ ನೆತ್ತಿಯ ಹತ್ತಿರ ಇದ್ದರೆ ನೀವು ಅದಕ್ಕೆ ನೇತಾಡುತ್ತೀರಿ, ನಿಮ್ಮ ತೂಕವೇ ದಾರವನ್ನು ಬಿಗಿಯಾಗಿ ಇಡುತ್ತದೆ. ಹಾಗಾಗಿ ಸಡಿಲದ ಮಟ್ಟಿಗೆ ದುಬೈ ಅವರ ಮಾತು ಸರಿ. ಆದರೆ ಎಡ್ಜ್ ಇಲ್ಲದೆ ಆ ವೇಗವೇ ಹುಟ್ಟುವುದಿಲ್ಲ, ಅಲ್ಲಿ ಮುಲ್ಕಿಯವರ ಮಾತು ಸರಿ.

ಇನ್ನೊಂದು. ಬಾರ್ ಸೊಂಟದ ಹತ್ತಿರ ಇದ್ದರೆ ಎಳೆತ ಮೈಯ ತಿರುಗುವ ಅಕ್ಷದ ಪಕ್ಕದಲ್ಲೇ ಹಾಯುತ್ತದೆ, ತಿರುಗುವಿಕೆಗೆ ಅಡ್ಡಿ ಕಡಿಮೆ. ಬಾರ್ ಎದೆಯಿಂದ ದೂರ, ಕೈ ಚಾಚಿ ಇದ್ದರೆ ಅದೇ ಎಳೆತ ನಿಮ್ಮನ್ನು ಮತ್ತೆ ಕೈಟಿನ ಕಡೆ ಮುಖ ಮಾಡಿ ನಿಲ್ಲಿಸಲು ನೋಡುತ್ತದೆ. ‘ಕೈ ಹುಡುಕಿದರೂ ಬಾರ್ ಸಿಗುವುದಿಲ್ಲ’ ಎಂದಿರಲ್ಲ, ಬಾರ್ ಬೆನ್ನ ಹಿಂದೆ ಬಂದೇ ಇರುವುದಿಲ್ಲ ಎಂದು ನನ್ನ ಊಹೆ.

ಶಹಾಬಾದ್_ಟು_ದುಬೈ
ಮಾಸ್ತರ್ ಸಾಹೇಬ್ರ, ನೀರಿಗೆ ಇಳೀದೇ ಇಷ್ಟು ಬರೋಬ್ಬರಿ ಹೇಳಿದ್ರಲ್ಲ! ಖರೇ ಅದ. ಬಾರ್ ಸೊಂಟಕ್ಕ ಬಂದ ಮ್ಯಾಲೇ ಕೈ ಬಿಡಬೇಕು. ಬರೋ ಮೊದಲೇ ಬಿಟ್ರ ಪಾಸ್ ಇಲ್ಲ.

ಬೆಣ್ಣೆತೊರೆ_ಗಾಳಿ
ಮಾಸ್ತರ್ ಹೇಳಿದ್ದು ಓದಿ ಹಳೀ ವಿಡಿಯೊ ನಿಧಾನ ಮಾಡಿ ನೋಡಿದೆ. ಕೈ ಬಿಡುವಾಗ ಬಾರ್ ಎದಿ ಮುಂದ, ಮೊಣಕೈ ಅರ್ಧ ಚಾಚಿದಂಗ ಅದ. ಜಗ್ಗೋದು ಯಾವಾಗ ಸುರು ಮಾಡಬೇಕ್ರಿ? ಚಿಮ್ಮಿದ ಕೂಡಲೇನಾ?

ಶಹಾಬಾದ್_ಟು_ದುಬೈ
ಕೂಡಲೇ ಬ್ಯಾಡ. ರೇಲಿಯಾಗ ಮೈ ಹಿಂದಕ್ಕ ಪೂರಾ ಚಾಚ್ತದಲ್ಲ, ಕಾಲು ಮ್ಯಾಲ, ಹೊಟ್ಟಿ ಕೆಳಗ. ಆ ಚಾಚುವಿಕೆ ಮುಗಿದು ಕಾಲು ವಾಪಸ್ ಕೆಳಗ ಬರ್ಲಕ್ಕ ಸುರು ಆಗ್ತದ ನೋಡ್ರಿ, ಅಲ್ಲಿ ಜಗ್ಗಬೇಕು. ಮೈ ತಾನಾಗಿ ಬಾರಿನ ಕಡಿ ಬರ್ಲಕತ್ತಿರ್ತದ. ನೀವು ಬಾರನ್ನ ಮೈ ಕಡಿ ತರೋದು ಅರ್ಧ, ಮೈಯನ್ನ ಬಾರಿನ ಕಡಿ ಒಯ್ಯೋದು ಇನ್ನರ್ಧ. ಅದಕ್ಕ ಬಲ ಅಷ್ಟೇನು ಬೇಕಾಗಂಗಿಲ್ಲ. ಇನ್ನು ಎರಡು ಕೈ ಬಾರಿನ ನಡುವ ಹತ್ರ ಹತ್ರ ಇರ್ಲಿ. ಅಗಲ ಹಿಡಿದ್ರ ಒಂದು ಕೈ ಬಿಟ್ಟ ಕೂಡಲೇ ಬಾರ್ ವಾರಿ ಆಗಿ ಕೈಟ್ ಒಂದು ಕಡಿ ತಿರುಗ್ತದ.

ಕಾರಂಜಾ_ದಂಡೆ
ಟ್ರಿಮ್, ಅಂದ್ರ ಮುಂದಿನ ದಾರದ ಉದ್ದ ಹೊಂದಿಸೋದು, ಅದರ ಬಗ್ಗೆ ಯಾರೂ ಹೇಳಿಲ್ಲಲ್ಲ. ಹುಕ್ ಬಿಡಿಸಿದಾಗ ಬಾರ್ ಪೂರಾ ಒಳಗ ಎಳೆದ ಲೆಕ್ಕ, ಹಿಂದಿನ ದಾರ ಬಿಗಿ. ಟ್ರಿಮ್ ಇಳಿಸದೇ ಬಿಡಿಸಿದ್ರ ಕೈಟ್ ಹಿಂದಕ್ಕ ಜಾರಿ ಸ್ಟಾಲ್ ಆಗ್ತದ. ದಂಡಿಯಿಂದ ಹೊಂಡೋ ಮೊದಲ ಬಾರ್ ಪೂರಾ ಒಳಗ ಎಳೆದು ನೋಡ್ರಿ. ಕೈಟ್ ಸುಮ್ನ ನಿಂದ್ರಬೇಕು. ಹಿಂದ ಜಾರಿದ್ರ ಮುಂದಿನ ದಾರ ಇನ್ನೊಂದಿಷ್ಟು ಜಗ್ರಿ.

ಮುಲ್ಕಿ_ತೆರೆ
ಒಳ್ಳೆ ಮಾತು. ಅರ್ಧದಷ್ಟು ಜನರ ತಾಪತ್ರಯ ಇದೇ, ಅವರಿಗೇ ಗೊತ್ತಿರುವುದಿಲ್ಲ.

ಸುರಪುರದಾಕಿ
ನಾನು ಫಿಸಿಯೋಥೆರಪಿಸ್ಟ್. ಎಲ್ಲರೂ ಕೈಟ್ ಬಗ್ಗೆ ಮಾತಾಡ್ಲಿಕತ್ತೀರಿ. ಅಣ್ಣ ಮೊದಲ ಪೋಸ್ಟಿನಾಗೇ ‘ಭುಜ ನೋಯ್ಲಕತ್ತದ’ ಅಂದಾನ, ಅದನ್ನ ಯಾರೂ ಕೇಳಲಿಲ್ಲ.

ಭುಜ ನಮ್ಮ ಮೈಯಾಗ ಎಲ್ಲಕ್ಕಿಂತ ಹೆಚ್ಚು ಕಡಿ ತಿರುಗೋ ಕೀಲು. ಗುಂಡು ದೊಡ್ಡದು, ಅದು ಕೂಡೋ ಕುಣಿ ಆಳ ಇಲ್ಲ. ಅದಕ್ಕೇ ದೊಡ್ಡ ಕೀಲುಗಳಾಗ ಹೆಚ್ಚು ಜಾರೋದು ಇದೇ. ಹಿಡಿದಿಡೋದು ಸುತ್ತಿನ ಸಣ್ಣ ಸ್ನಾಯುಗಳು, ಮತ್ತ ಕುಣಿಯ ಅಂಚಿನ ಲೇಬ್ರಮ್. ಕೈ ಪೂರಾ ಚಾಚಿ ಹಿಂದ ಹೋಗಿದ್ದಾಗ ಕೈಟ್ ಝಟಕಾ ಕೊಟ್ಟರ ಎಳೆತ ಪೂರಾ ಈ ಅಂಚಿನ ಮ್ಯಾಲ ಬೀಳ್ತದ. ಬ್ಲೈಂಡ್ ಇಳಿಯುವಾಗ ಒಂದು ಕೈ ಬೆನ್ನ ಹಿಂದ ಇರ್ತದಲ್ಲ, ಅಲ್ಲಿ ದಾರ ಬಿಗಿ ಆದ್ರ ಮೊದಲು ಹರಿಯೋದು ಇವೇ.

ಅಣ್ಣಾ, ರಾತ್ರಿ ಆ ಮಗ್ಗಲಿಗೆ ಮಲಗಿದ್ರ ನೋವು ಆಗ್ತದೇನು? ಕೈ ಮ್ಯಾಲ ಎತ್ತಿದಾಗ ನಡುವ ಎಲ್ಲಿಯರ ಚುಚ್ತದೇನು? ಹೌದು ಅಂದ್ರ ಮೊದಲು ಎಲುಬಿನ ಡಾಕ್ಟರಿಗೆ ತೋರಿಸು, ಹಗ್ಗ ಜಗ್ಗೋದು ಆಮ್ಯಾಲ. ಇಲ್ಲ ಅಂದ್ರೂ ಒಂದು ನಿಯಮ ಇಟ್ಕೋ: ಮೊಣಕೈ ನೆಟ್ಟಗಾತು ಅಂದ್ರ ಬಾರ್ ಬಿಟ್ಟುಬಿಡು. ಹಟಕ್ಕ ಬಿದ್ದು ಹಿಡ್ಕೊಳ್ಳೋದ್ರಾಗ ಶೂರತನ ಏನೂ ಇಲ್ಲ.

ಬೆಣ್ಣೆತೊರೆ_ಗಾಳಿ
ತಂಗೀ, ಮಲಗಿದಾಗ ನೋವಿಲ್ಲ. ಕೈ ಎತ್ತಿದಾಗ ಸಣ್ಣಗ ಚುಚ್ತದ. ತೋರಿಸ್ತೀನಿ.

ತಾಲೀಮ್_ಕಾಕಾ
ಮಕ್ಕಳ, ನಾ ಕುಸ್ತಿ ತಾಲೀಮಿನಾಂವ. ಈ ಆಟ ನೋಡಿಲ್ಲ, ಆದ್ರ ಹಿಡಿತ ಅಂದ್ರೇನು ಗೊತ್ತದ. ಹಗ್ಗ ಹತ್ರಿ. ಕಾಲು ಹಚ್ಚದಂಗ ಬರೀ ಕೈಲೆ ಹಗ್ಗ ಹತ್ತಿ ಇಳದ್ರ ಮುಂಗೈ, ಬೆನ್ನು, ಭುಜ ಮೂರೂ ಒಟ್ಟಿಗೆ ಗಟ್ಟಿ ಆಗ್ತಾವ. ದಂಡ ಹೊಡೀರಿ, ಬೈಠಕ್ ಹೊಡೀರಿ. ಗದಾ ತಿರುವಿ ಭುಜ ಸಡ್ಲ ಮಾಡ್ಕೋರಿ.

ಸುರಪುರದಾಕಿ
ಕಾಕಾ, ನಿಮ್ಮ ಮಾತಿಗೆ ಎರಡಿಲ್ಲ. ಆದ್ರ ಭುಜ ನೋಯುವಾಗ ಹಗ್ಗ ಹತ್ತೋದು ಬ್ಯಾಡ. ಮತ್ತ ದಂಡ ಹೊಡಿಯೋದು ತಳ್ಳೋ ಬಲ, ಇಲ್ಲಿ ಬೇಕಾಗಿದ್ದು ಎಳೆಯೋ ಬಲ. ಬೆನ್ನಿನ ರೆಕ್ಕಿ ಎಲುಬು ಎರಡೂ ಹಿಂದಕ್ಕ, ಕೆಳಕ್ಕ ಒತ್ತಿ ಬಾರನ್ನ ಸೊಂಟಕ್ಕ ತರೋದು ಮೊದಲು ಕಲೀಬೇಕು. ಗದಾ ತಿರುವೋದು ಭಾಳ ಚಲೋ, ಹಗೂರ ಗದಾ ಇರ್ಲಿ.

ತಾಲೀಮ್_ಕಾಕಾ
ಬೇ, ನೀ ಓದಿದಾಕಿ. ನೋವಿದ್ದಾಗ ನಾವೂ ಹುಡುಗರನ್ನ ಮಣ್ಣಿಗೆ ಇಳಿಸಂಗಿಲ್ಲ. ಅರಾಮ ಆದ ಮ್ಯಾಲ ಹತ್ತಲಿ.

ಕಾರಂಜಾ_ದಂಡೆ
ಈಗ ಡ್ಯಾಮಿನ ಮಾತಿಗೆ ಬರ್ತೀನಿ. ನಾ ಬೀದರಿನಾಂವ, ಸಣ್ಣ ಟ್ರೇನರ್ ಕೈಟ್ ಹಾರಿಸ್ತೀನಿ, ಗೋವಾದಾಗ ಕಲ್ತದ್ದು. ಕಾರಂಜಾ ಜಲಾಶಯ ನೋಡಿದಾಗೆಲ್ಲ ನನಗೂ ನಿಮ್ಮಂಗೇ ಆಸೆ ಆಗ್ತದ. ಹುಕ್ ಬಿಡಿಸಿ ಆಡೋ ಜಾಗ ಅಲ್ಲ ಅದು, ಬೆಣ್ಣೆತೊರೆನೂ ಅಲ್ಲ.

ನಮ್ಮ ಕಡಿ ಗಾಳಿ ಜೋರು ಬೀಸೋದು ಜೂನ್, ಜುಲೈ, ಪಡುವಣ ಗಾಳಿ. ಆಗ ಡ್ಯಾಮಿನಾಗ ನೀರು ಇಳಿದಿರ್ತದ, ದಂಡಿ ತುಂಬ ಕೆಸರು, ಜಾಲಿ ಕಂಟಿ, ಮುಳುಗಿದ ಮರದ ಬೊಡ್ಡಿ, ಮೀನುಗಾರರ ಬಲಿ. ನೀರು ತುಂಬಿ ನೋಡ್ಲಕ್ಕ ಛಂದ ಆಗೋ ಹೊತ್ತಿಗೆ ಗಾಳಿ ನಿಂತಿರ್ತದ. ಏಪ್ರಿಲ್, ಮೇ ಬಿರುಗಾಳಿ ಅಂತೂ ಬ್ಯಾಡವೇ ಬ್ಯಾಡ. ಮೋಡ ಕಟ್ಟಿದ ಮ್ಯಾಲ ಗಾಳಿ ದಿಕ್ಕು ಬದಲಿಸಿ ಒಮ್ಮೆಲೇ ದುಪ್ಪಟ್ಟು ಆಗ್ತದ, ಹುಕ್ ಬಿಡಿಸಿದಾಂವ ಅಲ್ಲಿ ಏನೂ ಮಾಡ್ಲಕ್ಕ ಆಗಂಗಿಲ್ಲ.

ಜೂನ್ ಗಾಳಿನೂ ಸಮುದ್ರದ ಗಾಳಿ ಅಲ್ಲ. ಒಂದು ಗಳಿಗಿ ಜೋರು, ಒಂದು ಗಳಿಗಿ ಸತ್ತಂಗ. ದಂಡಿ ಎತ್ತರ, ನೀರು ತಗ್ಗು, ಒಡ್ಡು ದಾಟಿ ಬರುವಾಗ ಗಾಳಿ ಸುಳೀತದ. ಪಾಸ್ ಕಲಿಯಾಂವಗ ಬೇಕಾಗಿದ್ದು 18-22 ನಾಟ್ ಒಂದೇ ಸಮ ಬೀಸೋ ಗಾಳಿ, ಅಂದ್ರ ತಾಸಿಗೆ ಸುಮಾರು 33-40 ಕಿಲೋಮೀಟರ್, ಮತ್ತ ಸಪಾಟ ನೀರು. ಹೊಲದ ಕರೆಂಟ್ ತಂತಿ ಬ್ಯಾರೆ ಅದ. ನೀರಾವರಿ ಇಲಾಖೆಯವರು ಜಲಾಶಯಕ್ಕ ಇಳೀಲಕ್ಕ ಸುಮ್ನ ಬಿಡಂಗಿಲ್ಲ, ಬಿಡಬಾರದು ಕೂಡ. ಬೀದರ್ ಸುತ್ತ ಇನ್ನೊಂದದ: ವಾಯುಪಡೆಯ ತರಬೇತಿ ವಿಮಾನ ದಿನಾ ಹಾರ್ತಾವ, ಕೇಳದೇ ಏನನ್ನೂ ಮ್ಯಾಲ ಬಿಡಬಾರದು.

ಸೇಡಂ_ರೋಡ್
ಸೂರ್ಯಕಿರಣ್ ವಿಮಾನದವರು ಬೀದರದಾಗೇ ಇರೋದಲ್ಲೇನ್ರಿ?

ಕಾರಂಜಾ_ದಂಡೆ
ಹೌದು, ಅವರ ನೆಲೆ ಇಲ್ಲೇ. ಪ್ರ್ಯಾಕ್ಟೀಸ್ ಮಾಡುವಾಗ ಮಾಳಿಗಿ ಮ್ಯಾಲ ನಿಂತು ನೋಡ್ತೀವಿ.

ನಾರಾಯಣಪುರ_ಕಾಲುವೆ
ಬಸವಸಾಗರ ಡ್ಯಾಮ್ ಹೆಂಗ್ರಿ? ನೀರು ಭಾಳ ಅಗಲ ಅದ.

ಕಾರಂಜಾ_ದಂಡೆ
ಅಗಲ ಇದ್ರ ಏನ್ ಬಂತ್ರಿ? ಕೃಷ್ಣೆಯಾಗ ಮೊಸಳಿ ಅವ. ಬಾರ್ ಬಿಟ್ಟು ಬಿದ್ದ ಮ್ಯಾಲ ಬೋರ್ಡು ಹುಡುಕ್ತಾ ನೀರಾಗ ಈಜಬೇಕಾಗ್ತದ, ಕರಕೊಂಡು ಬರ್ಲಕ್ಕ ಬೋಟ್ ಇಲ್ಲ. ಬ್ಯಾಡ.

ಬೆಣ್ಣೆತೊರೆ_ಗಾಳಿ
ಹಂಗಾದ್ರ ತೊಗರಿ ಹೊಲದಾಗ? ಕೊಯ್ಲು ಮುಗಿದ ಮ್ಯಾಲ ಹೊಲ ಬಯಲಾಗೇ ಇರ್ತಾವಲ್ಲ.

ಶಹಾಬಾದ್_ಟು_ದುಬೈ
ನೆಲದ ಮ್ಯಾಲ ಹುಕ್ ಬಿಡಿಸಿ ದೊಡ್ಡ ಕೈಟ್ ಹಾರ್ಸೋದು ಎಲ್ಲಕ್ಕಿಂತ ಕೆಟ್ಟದ್ದು. ನೀರು ಒಂದಿಷ್ಟಾದ್ರೂ ತಡ್ಕೊಳ್ತದ, ಎರೆ ಹೊಲದ ಹೆಂಟಿ, ತೊಗರಿ ಕೂಳಿ ತಡ್ಕೊಳ್ಳಂಗಿಲ್ಲ. ಎರಡು ಚದರ ಮೀಟರಿನ ಟ್ರೇನರ್ ಹಾರಿಸ್ರಿ, ಕೈಟ್ ನೋಡದೇ ಅದನ್ನ ಹತ್ತೂವರೆಗೆ ನಿಲ್ಸೋದು ಕಲೀರಿ. ಅದು ಭಾಳ ಕೆಲಸಕ್ಕ ಬರ್ತದ, ಯಾಕಂದ್ರ ಪಾಸ್ ಹೊತ್ತಿನಾಗ ಕಣ್ಣು ಕೈಟಿನ ಮ್ಯಾಲ ಇರಂಗಿಲ್ಲ.

ಪಾಸ್ ಪ್ರ್ಯಾಕ್ಟೀಸಿಗೆ ಕೈಟೇ ಬೇಕಾಗಿಲ್ಲ. ಅಂಗಳದಾಗ ಬೇವಿನ ಗಿಡ ಅದೇನು? ಸೊಂಟದ ಎತ್ತರಕ್ಕ ಗಟ್ಟಿ ಹಗ್ಗ ಕಟ್ರಿ, ನಡುವ ಸೈಕಲ್ ಟ್ಯೂಬ್ ಹಾಕ್ರಿ, ತುದಿಗೆ 45-50 ಸೆಂಟಿಮೀಟರ್ ಉದ್ದದ ಕಟಿಗಿ ಇಲ್ಲಾ ಪೈಪ್. ಹಿಂದ ವಾಲಿ ನಿಂದ್ರಿ, ಹಗ್ಗ ಬಿಗಿ ಆಗ್ಲಿ. ಸೊಂಟಕ್ಕ ಜಗ್ಗಿ, ಟ್ಯೂಬ್ ಸಡ್ಲ ಆದ ಕ್ಷಣಕ್ಕ ತಿರುಗಿ, ಬೆನ್ನ ಹಿಂದ ದಾಟಿಸ್ರಿ. ಮೊದಲು ನಿಂತು, ಆಮ್ಯಾಲ ಒಂದು ಹೆಜ್ಜಿ ಜಿಗಿದು. ಎರಡೂ ಕಡಿ ಮಾಡ್ರಿ. ತಲಿ ಮೊದಲು ತಿರುಗಬೇಕು, ಭುಜ ಹಿಂದ ಬರಬೇಕು. ನೆಲ ನೋಡಿದ್ರ ಮೈ ಅಲ್ಲೇ ನಿಂತುಬಿಡ್ತದ. ಹಗ್ಗದ ಮ್ಯಾಲ ನೂರಕ್ಕ ನೂರು ಬಂದ ಪಾಸು ನೀರಾಗ ಅರ್ಧ ಬರ್ತದ, ಆ ಅರ್ಧ ಸಾಕು.

ಮುಲ್ಕಿ_ತೆರೆ
ಇದಕ್ಕೆ ಪೂರ್ತಿ ಒಪ್ಪಿಗೆ. ಸೇರಿಸುವುದು ಒಂದೇ. ಗಾಳಿಯಲ್ಲಿ ಪಾಸ್ ಮಾಡುವ ಮೊದಲು ನೀರ ಮೇಲೆ ಮಾಡಿ. ಬ್ಲೈಂಡ್ ಇಳಿಯಿರಿ, ಅಂದ್ರೆ ಬೆನ್ನು ಕೈಟಿಗೆ, ಒಂದು ಕೈಯಲ್ಲಿ ಬಾರ್ ಬೆನ್ನ ಹಿಂದೆ. ಹಾಗೇ ಜಾರುತ್ತಾ ಇರುವಾಗ ಉಳಿದ ಅರ್ಧ ಸುತ್ತು ತಿರುಗಿ ಬಾರ್ ದಾಟಿಸಿ. ಇದು ಸರ್ಫೇಸ್ ಪಾಸ್. ಇದು ಕೈಗೆ ಕೂತ ಮೇಲೆ ರೇಲಿಯಲ್ಲೇ ಪೂರ್ತಿ ಸುತ್ತು ಮುಗಿಸುವ 313, ಬ್ಯಾಕ್ ರೋಲ್ ಜೊತೆ ಸುತ್ತು ಸೇರಿಸುವ ಬ್ಯಾಕ್ ಮೋಬ್, ಎಲ್ಲ ದಾರಿಗೆ ಬರ್ತದೆ. ಬ್ಲೈಂಡ್ ಬಿಟ್ಟು ನೇರ 313ಕ್ಕೆ ಹಾರಿದವರು ತಿಂಗಳುಗಟ್ಟಲೆ ಬೀಳುವುದನ್ನೇ ಕಲಿತದ್ದು ನೋಡಿದ್ದೇನೆ.

ಬೆಂಗಳೂರು_ಕೈಟರ್
ನಾನೊಂದು ಮಾತು ಕೇಳ್ತೀನಿ, ಬೇಜಾರಾಗಬೇಡಿ. ಈಗ ಎಲ್ಲರೂ ಬಿಗ್ ಏರ್, ಅಂದ್ರೆ ತುಂಬಾ ಎತ್ತರ ಹಾರೋ ಆಟದ ಕಡೆ ಹೋಗ್ತಿದ್ದಾರೆ. 2013ರಿಂದ ಕೇಪ್‌ಟೌನ್‌ನಲ್ಲಿ ನಡೀತಿರೋ ಕಿಂಗ್ ಆಫ್ ದಿ ಏರ್ ಸ್ಪರ್ಧೆ ನೋಡಿ, ಎತ್ತರ, ಕೈಟ್ ಲೂಪ್ (ಕೈಟನ್ನೇ ಸುತ್ತು ಹಾಕಿಸೋದು), ಹೆಚ್ಚಿನದು ಹುಕ್ ಹಾಕ್ಕೊಂಡೇ. ಭುಜ ಕೆಡಿಸಿಕೊಂಡು ಹ್ಯಾಂಡಲ್ ಪಾಸ್ ಕಲಿಯೋದು ಈಗ ಬೇಕಾ? ಅದರ ಕಾಲ ಮುಗೀತು ಅನ್ಸುತ್ತೆ ನನಗೆ.

ಮುಲ್ಕಿ_ತೆರೆ
ಕಾಲ ಮುಗಿಯಲಿಕ್ಕೆ ಅದು ಫ್ಯಾಷನ್ ಅಲ್ಲ. 2004ರಿಂದ 2008ರವರೆಗೆ ಸತತ ಐದು ಸಲ ವಿಶ್ವ ಚಾಂಪಿಯನ್ ಆದ ಆರನ್ ಹ್ಯಾಡ್ಲೋ ಈ ಹುಕ್ ಬಿಡಿಸಿದ ಆಟದಿಂದಲೇ ಆ ಹೆಸರು ಮಾಡಿದ್ದು. ಆಮೇಲೆ ಬಿಗ್ ಏರ್‌ನಲ್ಲೂ ಗೆದ್ದ. ದೊಡ್ಡ ಲೂಪಿನ ಒಳಗೆ ಹ್ಯಾಂಡಲ್ ಪಾಸ್ ಹಾಕುವವರು ಬಿಗ್ ಏರ್‌ನಲ್ಲೇ ಇದ್ದಾರೆ. ಬೇಕಾದ್ರೆ ನೋಡಿ.

ಬೆಂಗಳೂರು_ಕೈಟರ್
ಅವರೆಲ್ಲ ಹುಟ್ಟಾ ಸಮುದ್ರದ ಪಕ್ಕದವರು, ವರ್ಷಪೂರ್ತಿ ನೀರಲ್ಲಿರ್ತಾರೆ. ರಜೆಗೆ ಹೋಗೋ ನಮ್ಮಂಥವರಿಗೆ ಸಿಗೋ ಗಾಳಿಯ ದಿನಗಳೇ ಕಮ್ಮಿ. ಅದನ್ನು ಎಲ್ಲಿ ಖರ್ಚು ಮಾಡ್ಬೇಕು ಅನ್ನೋದು ನನ್ನ ಪ್ರಶ್ನೆ.

ಬೆಣ್ಣೆತೊರೆ_ಗಾಳಿ
ನಿಮ್ಮ ಪ್ರಶ್ನೆ ಖರೇ ಅದ. ನನ್ನ ಮಟ್ಟಿಗೆ ಹೇಳ್ತೀನಿ. ಎತ್ತರ ಹಾರೋದಕ್ಕ ಜೋರು ಗಾಳಿ ಬೇಕು, ಅದು ಸಿಗೋದು ಬಿಡೋದು ನನ್ನ ಕೈಯಾಗಿಲ್ಲ. ಪಾಸಿನ ಅರ್ಧ ಕೆಲಸ ಮನೀ ಅಂಗಳದಾಗ ಮಾಡಬಹುದು ಅಂತ ಈಗ ಇಲ್ಲೇ ಗೊತ್ತಾತು. ದೂರದ ಊರಾಂವಗ ಇದೇ ಚಲೋ ಅಲ್ಲೇನ್ರಿ? ಮತ್ತ ಹುಕ್ ಬಿಡಿಸಿ ಚಿಮ್ಮಿದಾಗ ಕೈಟು, ಬೋರ್ಡು, ನನ್ನ ಮೈ ಮೂರೂ ನನ್ನ ಕೈಯಾಗೇ ಅವ ಅನಸ್ತದ. ಆ ಖುಷಿ ಬಿಡ್ಲಕ್ಕ ಆಗಂಗಿಲ್ಲ.

ಬೆಂಗಳೂರು_ಕೈಟರ್
ಸರಿ, ಈ ಉತ್ತರ ಒಪ್ಪಿದೆ.

ಸೇಡಂ_ರೋಡ್
ಒಲಿಂಪಿಕ್ಸಿನಾಗೂ ಇದು ಬಂದದ ಅಂತ ಓದಿದ್ದೆ. ಅಲ್ಲೂ ಇದೇ ಟ್ರಿಕ್ ಮಾಡ್ತಾರೇನ್ರಿ?

ಯಾದಗಿರಿ_ಮಾಸ್ತರ
2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕೈಟ್ ಸೇರಿದ್ದು ನಿಜ, ಸ್ಪರ್ಧೆ ನಡೆದದ್ದು ಮಾರ್ಸೇಯಲ್ಲಿ. ಆದರೆ ಅದು ಓಟದ ಸ್ಪರ್ಧೆ. ಬೋರ್ಡಿನ ಕೆಳಗೆ ನೀರೊಳಗೆ ಸಾಗುವ ರೆಕ್ಕೆಯಂಥ ಹೈಡ್ರೋಫಾಯಿಲ್ ಇರುತ್ತದೆ, ಯಾರು ಮೊದಲು ಗುರಿ ಮುಟ್ಟುತ್ತಾರೆ ಎಂಬುದಷ್ಟೇ ಲೆಕ್ಕ. ಗಂಡಸರಲ್ಲಿ ಆಸ್ಟ್ರಿಯಾದ ವ್ಯಾಲೆಂಟಿನ್ ಬೊಂಟಸ್, ಹೆಂಗಸರಲ್ಲಿ ಬ್ರಿಟನ್ನಿನ ಎಲ್ಲೀ ಆಲ್ಡ್ರಿಜ್ ಚಿನ್ನ ಗೆದ್ದರು.

ಸುರಪುರದಾಕಿ
ಹೆಣ್ಣುಮಕ್ಕಳ ಮಾತು ಬಂತಲ್ಲ, ಸ್ಪೇನಿನ ಗಿಸೇಲಾ ಪುಲಿಡೊ 2004ರಾಗ ವಿಶ್ವ ಚಾಂಪಿಯನ್ ಆದಾಗ ಆಕಿಗೆ ಹತ್ತೇ ವರ್ಷ. ಹತ್ತು ವರ್ಷದ ಹುಡುಗಿ ಕೈಯಾಗ ಎಷ್ಟು ಬಲ ಇರ್ತದ, ನೀವೇ ಹೇಳ್ರಿ. ‘ಇನ್ನೂ ಜೋರು ಜಗ್ಗು’ ಅನ್ನೋರಿಗೆ ಇದನ್ನ ತೋರಿಸ್ರಿ.

ತಾಲೀಮ್_ಕಾಕಾ
ಶಹಬ್ಬಾಸ್. ಕುಸ್ತಿಯಾಗೂ ಹಂಗೇ, ಡಾವು ಗೊತ್ತಿದ್ದಾಂವ ಗೆಲ್ತಾನ.

ಸೇಡಂ_ರೋಡ್
ಈ ಕೈಟಿನ ದಾರ ಮಾಂಜಾದಂಗ ಕೊಯ್ತದೇನ್ರಿ? ನಮ್ಮ ಗಲ್ಲಿಯಾಗ ಸಂಕ್ರಾಂತಿಗೆ ನೈಲಾನ್ ಮಾಂಜಾ ಬಡಿದು ಬೈಕಿನಾಂವ ಒಬ್ಬನ ಕುತ್ತಿಗಿ ಕೊಯ್ದಿತ್ತು.

ಕಾರಂಜಾ_ದಂಡೆ
ಗಾಜಿನ ಪುಡಿ ಹಚ್ಚಿರಂಗಿಲ್ಲ, ಆದ್ರೂ ಬಿಗಿ ಆದಾಗ ಬೆರಳಿಗೆ ಸುತ್ತಿದ್ರ ಭಾಳ ಕೆಟ್ಟ ಕೊಯ್ತದ. ದಾರ ಕೈಗೆ ಯಾವತ್ತೂ ಸುತ್ಕೋಬಾರ್ದು. ಮತ್ತ ನೈಲಾನ್ ಮಾಂಜಾಕ್ಕ 2017ರಾಗೇ ಹಸಿರು ನ್ಯಾಯಮಂಡಳಿ ದೇಶದ ತುಂಬ ನಿಷೇಧ ಹಾಕ್ಯದ. ಇನ್ನೂ ಮಾರ್ತಾರ. ಅಂಗಡಿಯಾಗ ಕಂಡ್ರ ಪೊಲೀಸರಿಗೆ ಹೇಳ್ರಿ, ಸುಮ್ನ ಬಿಡಬ್ಯಾಡ್ರಿ.

ಶಹಾಬಾದ್_ಟು_ದುಬೈ
ವಿಷಯ ಬಿಟ್ಟು ಹೊಂಟೀವಿ. ಲೀಶ್, ಅಂದ್ರ ಬಾರ್ ಬಿಟ್ರೂ ಕೈಟ್ ಹಾರ್ನೆಸ್ಸಿಗೆ ಕಟ್ಟಿಡೋ ಪಟ್ಟಿ, ಅದರ ಮಾತು ಉಳದದ, ಅದು ಜೀವದ ಮಾತು. ಬೆಣ್ಣೆತೊರೆ ಅವರ, ನಿಮ್ಮ ಲೀಶ್ ಎಲ್ಲಿಗೆ ಹಾಕೀರಿ?

ಬೆಣ್ಣೆತೊರೆ_ಗಾಳಿ
ಬಾರ್ ಬಿಟ್ಟ ಕೂಡಲೇ ಒಂದೇ ದಾರದ ಮ್ಯಾಲ ಕೈಟ್ ಬೀಳೋ ಹಂಗ ಹಾಕ್ತೀನಿ. ಪ್ರತಿ ಸಲ ಮತ್ತ ಎಬ್ಬಿಸೋದೇ ದೊಡ್ಡ ಕೆಲಸ ಆಗ್ಯದ. ಸೂಸೈಡ್ ಮೋಡಿಗೆ ಹಾಕು ಅಂತ ಗೆಳೆಯರು ಹೇಳ್ತಾರ.

ಶಹಾಬಾದ್_ಟು_ದುಬೈ
ಹಾಕ್ಬಹುದು. ಆಡೋರು ಬಹಳ ಮಂದಿ ಹಂಗೇ ಹಾಕ್ತಾರ. ಲೀಶ್ ಕೆಳಗಿನ ಕುಣಿಕಿಗೆ ಸಿಕ್ಕಿದ್ರ ಬಾರ್ ಬಿಟ್ಟಾಗ ಕೈಟ್ ಪೂರಾ ಬೀಳಂಗಿಲ್ಲ, ಬಲ ಇಳಿದು ಹಾರ್ತಾನೇ ಇರ್ತದ, ಜಗ್ಕೊಂಡು ಮತ್ತ ಸುರು ಮಾಡಬಹುದು.

ಮುಲ್ಕಿ_ತೆರೆ
ಇದಕ್ಕೆ ನನ್ನ ಕಡಾಖಂಡಿತ ವಿರೋಧ. ದಾರ ಬಾರಿಗೆ ಸುತ್ತಿಕೊಂಡ್ರೆ ಕೈಟ್ ಬಲ ಇಳಿಸದೆ ಸುತ್ತು ಹೊಡೀತಾ ನಿಮ್ಮನ್ನು ಎಳ್ಕೊಂಡು ಹೋಗ್ತದೆ. ಬೇಸಿಕ್ ಬ್ಲೈಂಡ್ ಕೂಡ ಬಾರದವನಿಗೆ ಆ ಮೋಡ್ ಹೇಳಿಕೊಡಬೇಡಿ. ಕೈಟ್ ಎಬ್ಬಿಸಲಿಕ್ಕೆ ಹೋಗುವ ಸಮಯ ಹೋಗಲಿ ಮಾರಾಯ್ರೆ, ಪ್ರಾಣ ಇರಲಿ.

ಶಹಾಬಾದ್_ಟು_ದುಬೈ
ಅದಕ್ಕೇ ಷರತ್ತು ಹೇಳ್ತೀನಿ, ಕೇಳ್ರಿ. ಲೀಶಿನ ಸೊಂಟದ ತುದಿಗೆ ಅದರದ್ದೇ ಕ್ವಿಕ್ ರಿಲೀಸ್ ಇರಬೇಕು, ಕಣ್ಣು ಮುಚ್ಚಿ ಎಡಗೈಲೂ ಬಲಗೈಲೂ ಬಿಚ್ಚೋದು ದಂಡಿ ಮ್ಯಾಲ ರೂಢಿ ಆಗಿರಬೇಕು. ಗಾಳಿ ಹೋಗೋ ದಿಕ್ಕಿನಾಗ ಕಲ್ಲು, ಕಂಬ, ದೋಣಿ ಏನೂ ಇರಬಾರದು. ಹೆಲ್ಮೆಟ್, ಇಂಪ್ಯಾಕ್ಟ್ ಜಾಕೆಟ್ ಇಲ್ಲದೇ ಬ್ಯಾಡ. ಇಷ್ಟು ಇಲ್ಲದಾಂವ ನಿಮ್ಮಂಗೇ ಹಳೀ ಮೋಡಿನಾಗೇ ಇರ್ಲಿ.

ಮುಲ್ಕಿ_ತೆರೆ
ಷರತ್ತು ಸರಿ. ಬ್ಲೈಂಡ್ ಸರಿಯಾಗಿ ಬರುವವರೆಗೆ ಬೇಡ ಅನ್ನುವುದು ಮಾತ್ರ ನಾನು ಬಿಡುವುದಿಲ್ಲ.

ಸುರಪುರದಾಕಿ
ನನ್ನ ವೋಟು ಮುಲ್ಕಿಯವರಿಗೆ.

ಬೆಣ್ಣೆತೊರೆ_ಗಾಳಿ
ಬ್ಲೈಂಡ್ ಬರೋತನಕ ಮೋಡ್ ಬದಲಿ ಮಾಡಂಗಿಲ್ಲ, ಇದು ಮಾತು. ಡ್ಯಾಮಿನ ವಿಚಾರ ಕೈಬಿಟ್ಟೆ. ಡಾಕ್ಟರ್ ಹೂಂ ಅಂದ ಮ್ಯಾಲ ಹಗ್ಗ ಕಟ್ತೀನಿ. ಕಡೀಗೆ ಒಂದು ಡೌಟ್: ಪಾಸ್ ಆಗ್ತಾ ಆಗ್ತಾ ಲೀಶ್ ಸೊಂಟಕ್ಕ ಸುತ್ಕೊಳ್ಳಂಗಿಲ್ಲೇನು? ದಾರ ತಿರುವಿ ಹೋಗಂಗಿಲ್ಲೇನು?

ಶಹಾಬಾದ್_ಟು_ದುಬೈ
ಸುತ್ಕೊಳ್ತದ, ಗಿಡ್ಡ ಲೀಶ್ ಮುಂದ ಹಾಕಿದ್ರ. ಹ್ಯಾಂಡಲ್ ಪಾಸ್ ಲೀಶ್ ಅಂತಾನೇ ಉದ್ದಂದು ಸಿಗ್ತದ, ಹಾರ್ನೆಸ್ಸಿನ ಹಿಂದ, ಬೆನ್ನಿನ ಮಗ್ಗಲಿಗೆ ಹಾಕ್ರಿ. ಹಂಗ ಹಾಕಿದ್ರೂ ಬಿಚ್ಚೋ ಗುಂಡಿಗೆ ಎರಡೂ ಕೈ ಮುಟ್ಟಬೇಕು, ಮುಟ್ಟದಿದ್ರ ಆ ಜಾಗ ಸರಿ ಇಲ್ಲ. ಪ್ರತಿ ಪಾಸಿಗೆ ಒಂದು ಸುತ್ತು ಬಾರಿನ ಕೆಳಗ ಏರ್ತದ. ಕೆಳಗ ತಿರುಗಣಿ ಇರೋ ಬಾರ್ ಇದ್ರ ಕೈಲೆ ತಿರುವಿ ಬಿಡಿಸಬಹುದು. ಇಲ್ಲಾಂದ್ರ ಮುಂದಿನ ಸಲ ಉಲ್ಟಾ ಕಡಿ ಒಂದು ರೋಲ್ ಹೊಡೀರಿ, ಬಿಚ್ಕೊಳ್ತದ. ಸುತ್ತು ಬಿಡಿಸದೇ ಮತ್ತ ಚಿಮ್ಮಬ್ಯಾಡ್ರಿ.

ಕಾರಂಜಾ_ದಂಡೆ
ನಮ್ಮನ್ಯಾಗ ಹಳೀ ಬಾರ್ ಒಂದದ, ದಾರ ಇಲ್ಲದ್ದು. ಪೈಪ್ ಯಾಕ, ಅದನ್ನೇ ಹಗ್ಗಕ್ಕ ಕಟ್ಕೋರಿ. ಕಲಬುರಗಿಗೆ ಬಂದಾಗ ತಂದು ಕೊಡ್ತೀನಿ, ಮೆಸೇಜ್ ಹಾಕ್ರಿ.